ಕರೆಂಟ್ ಬಂತು, ವೈ-ಫೈ ಯಾಕೆ ಬರ್ಲಿಲ್ಲ?

ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ. ಓದಿದವನು. ಡೆಬಿಟ್ಟು ಕ್ರೆಡಿಟ್ಟು ಕೇಳಿದ್ರೆ ಹೇಳ್ತೀನಿ, ನೆಟ್‌ವರ್ಕಿಂಗ್ ನನ್ನ ಸಬ್ಜೆಕ್ಟ್ ಅಲ್ಲ. ಆದ್ರೂ ಇವತ್ತು ರೂಟರ್ ಬಗ್ಗೆ ಮಾತಾಡ್ತಿದ್ದೀನಿ. ಯಾಕಂದ್ರೆ ಕಳೆದ ಮಳೆಗಾಲದಲ್ಲಿ ಅದನ್ನ ಸರಿ ಮಾಡಿಸೋಕೆ ಹೋಗಿ ನಾನೇ ಒಂದು ಎಡವಟ್ಟು ಮಾಡಿದೆ.

ನಮ್ಮ ಮನೆ ತೀರ್ಥಹಳ್ಳಿ ಹತ್ರ. ಜುಲೈನಲ್ಲಿ ಅಲ್ಲಿ ಕರೆಂಟ್ ಹೋಗೋದು ಸುದ್ದಿನೇ ಅಲ್ಲ. ಮರ ಬೀಳುತ್ತೆ, ಲೈನ್ ಹರಿಯುತ್ತೆ, ಲೈನ್‌ಮನ್ ಬರೋ ತನಕ ಕಾಯ್ಬೇಕು. ಅವತ್ತು ರಾತ್ರಿ ಹೋದ ಕರೆಂಟು ಬೆಳಗ್ಗೆ ಹತ್ತಕ್ಕೆ ಬಂತು. ಹನ್ನೊಂದಕ್ಕೆ ನನ್ನ ತಂಗಿಗೆ ವಿಡಿಯೋ ಇಂಟರ್‌ವ್ಯೂ, ಅವಳ ಮೊದಲನೇದು. ಫ್ಯಾನ್ ತಿರುಗ್ತು, ಫೋನಲ್ಲಿ ವೈ-ಫೈ ಹೆಸರೂ ಕಾಣಿಸ್ತು, ಇಂಟರ್ನೆಟ್ ಮಾತ್ರ ಇಲ್ಲ. ಮೊಬೈಲ್ ಸಿಗ್ನಲ್ ಮನೆಯೊಳಗೆ ಒಂದೇ ಕಡ್ಡಿ. ಫೋನ್ ಮಾಡೋಕೆ ಸಾಕು, ವಿಡಿಯೋಗೆ ಸಾಲಲ್ಲ.

ಬೆಂಗಳೂರಲ್ಲಿದ್ದ ನನಗೆ ಅಮ್ಮನ ಫೋನ್. "ಒಂದು ಹಸಿರು ಲೈಟ್ ಇದೆ ಕಣೋ, ಪಕ್ಕದಲ್ಲಿ ಕೆಂಪು ಮಿಣಿಮಿಣಿ ಅಂತಿದೆ." ನಾನು ಆ ಕೆಂಪು ಯಾವುದು ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ. "ಹಿಂದೆ ಒಂದು ಸಣ್ಣ ತೂತಿದೆ ನೋಡು, ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತು" ಅಂದೆ. ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ ತೆಗೆದು ಒತ್ತಿದ್ಲು. ಎರಡು ನಿಮಿಷ ಬಿಟ್ಟು ಹೇಳ್ತಾಳೆ, "ಈಗ ನಮ್ಮ ವೈ-ಫೈ ಹೆಸರೇ ಕಾಣ್ತಿಲ್ವಲ್ಲೋ!"

ನಾನು ಹೇಳಬೇಕಾಗಿದ್ದು ರೀಸ್ಟಾರ್ಟ್, ಹೇಳಿದ್ದು ರೀಸೆಟ್. ಹೆಸರು ಹತ್ತಿರ ಹತ್ತಿರ, ಕೆಲಸ ಬೇರೆ. ರೀಸ್ಟಾರ್ಟ್ ಅಂದ್ರೆ ಸ್ವಿಚ್ ಆಫ್ ಮಾಡಿ ಆನ್ ಮಾಡೋದು, ಅದರಿಂದ ಏನೂ ಹಾಳಾಗಲ್ಲ. ಆ ತೂತಿನ ರೀಸೆಟ್, ಪೆಟ್ಟಿಗೆಯನ್ನ ಫ್ಯಾಕ್ಟರಿಯಿಂದ ಬಂದ ಸ್ಥಿತಿಗೆ ತಗೊಂಡು ಹೋಗುತ್ತೆ. ನೀವಿಟ್ಟ ವೈ-ಫೈ ಹೆಸರು, ಪಾಸ್‌ವರ್ಡ್ ಹೋಗುತ್ತೆ. ಅದಾದ್ರೂ ಪರವಾಗಿಲ್ಲ, ಹಳೇ ಹೆಸರು ಅಡಿಯಲ್ಲಿರೋ ಸ್ಟಿಕರ್ ಮೇಲೆ ಇರುತ್ತೆ. ಆದ್ರೆ ತುಂಬಾ ಕನೆಕ್ಷನ್‌ಗಳಲ್ಲಿ ಕಂಪನಿಯವರು ಒಳಗಡೆ ಇನ್ನೊಂದು ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿರ್ತಾರೆ. ಅದು ಅಳಿಸಿಹೋದ್ರೆ, ಅವರನ್ನ ಕೇಳದೆ ಇಂಟರ್ನೆಟ್ ಬರಲ್ಲ.

ಹಾಗಾದ್ರೆ ಏನು ಮಾಡ್ಬೇಕಿತ್ತು? ಲೈಟ್ ಓದಬೇಕಿತ್ತು. ಫೈಬರ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಪಿಒಎನ್ ಅಂತ ಒಂದು, ಎಲ್‌ಒಎಸ್ ಅಂತ ಒಂದು ಲೈಟ್ ಇರುತ್ತೆ. ಪಿಒಎನ್ ಹಸಿರಾಗಿ ನಿಂತಿದ್ರೆ ಕಂಪನಿ ಕಡೆಯ ಯಂತ್ರದ ಜೊತೆ ಸಂಪರ್ಕ ಆಗಿದೆ ಅಂತ. ಮಿನುಗ್ತಿದ್ರೆ ಇನ್ನೂ ಪ್ರಯತ್ನ ಮಾಡ್ತಿದೆ. ಎಲ್‌ಒಎಸ್ ಕೆಂಪಾಗಿ ಮಿನುಗಿದ್ರೆ, ತಂತಿಯಲ್ಲಿ ಬರಬೇಕಾದ ಬೆಳಕು ನಿಮ್ಮ ಪೆಟ್ಟಿಗೆಗೆ ಸರಿಯಾಗಿ ಮುಟ್ತಾನೇ ಇಲ್ಲ. ಆಗ ನೀವು ಸೆಟ್ಟಿಂಗ್ಸ್‌ನಲ್ಲಿ ಏನು ಮಾಡಿದ್ರೂ ಪ್ರಯೋಜನ ಇಲ್ಲ.

ಆಗ ಮಾಡೋ ಕೆಲಸ, ಅದೇ ಕಂಪನಿ ಕನೆಕ್ಷನ್ ಇರೋ ಪಕ್ಕದ ಮನೆಯವರನ್ನ ಕೇಳೋದು. ಅವರಿಗೂ ಕೆಂಪು ಅಂದ್ರೆ ತೊಂದರೆ ಮೇಲಿನದ್ದು. ಒಂದೋ ಕೇಬಲ್ ತುಂಡಾಗಿದೆ, ಇಲ್ಲಾ ಆಪರೇಟರ್ ಹತ್ರ ಇರೋ ಯಂತ್ರಕ್ಕೆ ಇನ್ನೂ ಕರೆಂಟ್ ಬಂದಿಲ್ಲ. ದೂರು ಕೊಟ್ಟು ಕಾಯ್ಬೇಕು, ಅಷ್ಟೇ. ಅವರಿಗೆ ಸರಿಯಿದ್ದು ನಿಮಗೆ ಮಾತ್ರ ಕೆಂಪು ಅಂದ್ರೆ, ನಿಮ್ಮ ಮನೆ ತಂತಿ ಮೊದಲು ನೋಡಿ.

ನಮ್ಮದು ಎರಡನೇದು. ಪಕ್ಕದ ಮನೆಯಲ್ಲಿ ಚೆನ್ನಾಗೇ ಬರ್ತಿತ್ತು. ತಂಗಿ ಲ್ಯಾಪ್‌ಟಾಪ್ ಎತ್ಕೊಂಡು ಮಳೆಯಲ್ಲೇ ಓಡಿ, ಅವರ ಜಗಲಿಯಲ್ಲಿ ಕೂತು ಇಂಟರ್‌ವ್ಯೂ ಕೊಟ್ಲು, ಹದಿನೈದು ನಿಮಿಷ ತಡವಾಗಿ.

ಮಧ್ಯಾಹ್ನ ಕೇಬಲ್ ಹುಡುಗ ಬಂದ. ಹಿಂದಿನ ರಾತ್ರಿ ಗುಡುಗಿಗೆ ಹೆದರಿ ಅಮ್ಮ ಪ್ಲಗ್ ಕಿತ್ತಿದ್ಲು. ಅದು ಸರಿಯಾದ ಕೆಲಸಾನೇ, ಸಿಡಿಲಿನ ಸೀಸನ್‌ನಲ್ಲಿ ಕೀಳಲೇಬೇಕು. ಆದ್ರೆ ಕತ್ತಲಲ್ಲಿ ಕೈ ತಾಗಿ, ತೆಳ್ಳನೆ ಹಳದಿ ತಂತಿ ಟಿವಿ ಸ್ಟ್ಯಾಂಡ್ ಹಿಂದೆ ಮಡಚಿಕೊಂಡಿತ್ತು. ಫೈಬರ್ ಒಳಗಿರೋದು ಗಾಜು. ತೀರಾ ಬಗ್ಗಿದ್ರೆ ಬೆಳಕು ಆ ಬಾಗಿನಲ್ಲೇ ಸೋರಿ ಹೋಗುತ್ತೆ. ಅವನು ಮಡಿಕೆ ಬಿಡಿಸಿದ, ಕೆಂಪು ಆರ್ತು. ಆದ್ರೂ ಇಂಟರ್ನೆಟ್ ಬರ್ಲಿಲ್ಲ! "ರೀಸೆಟ್ ಯಾರ್ರೀ ಒತ್ತಿದ್ದು?" ಅಂದನಂತೆ. ಅಮ್ಮ ನನ್ನ ಹೆಸರು ಹೇಳಿದ್ಲು. ಆಫೀಸಿಗೆ ಫೋನ್ ಮಾಡಿ ಯೂಸರ್‌ನೇಮ್ ತರಿಸಿಕೊಂಡು ಹಾಕೋಕೆ ಅವನಿಗೆ ಮುಕ್ಕಾಲು ಗಂಟೆ ಹಿಡೀತು. ಮೂಲ ತೊಂದರೆಗೆ ಎರಡು ನಿಮಿಷ, ನನ್ನ ಬುದ್ಧಿವಂತಿಕೆಗೆ ಮುಕ್ಕಾಲು ಗಂಟೆ.

ಹಾಂ, ಒಂದು ಮಾತು. ಆ ತಂತಿಯ ತುದಿ ಕಿತ್ತು ಕಣ್ಣಿಟ್ಟು ನೋಡ್ಬೇಡಿ. ಒಳಗೆ ಲೇಸರ್ ಇರುತ್ತೆ, ಕಣ್ಣಿಗೆ ಕಾಣಲ್ಲ.

ಕೆಂಪು ಇಲ್ಲ, ಪಿಒಎನ್ ಹಸಿರಿದೆ, ಆದ್ರೂ ನೆಟ್ ಇಲ್ಲ ಅಂದ್ರೆ ರೀಸ್ಟಾರ್ಟ್ ಮಾಡಿ. ಸ್ವಿಚ್ ಆಫ್, ಅರ್ಧ ನಿಮಿಷ ಬಿಡಿ, ಆನ್, ಆಮೇಲೆ ಐದು ನಿಮಿಷ ಕೈ ಕಟ್ಕೊಂಡು ಕೂರಿ. ಎರಡು ಪೆಟ್ಟಿಗೆ ಇದ್ರೆ ಮೊದಲು ಫೈಬರ್‌ದು, ಅದರ ಲೈಟ್ ನಿಂತ ಮೇಲೆ ವೈ-ಫೈದು. ಕರೆಂಟ್ ಬಂದ ತಕ್ಷಣ ವೋಲ್ಟೇಜ್ ಏರಿಳಿಯುತ್ತೆ, ಹಾಗಾಗಿ ನಾಲ್ಕೈದು ನಿಮಿಷ ಬಿಟ್ಟೇ ಪ್ಲಗ್ ಹಾಕಿ.

ಲೈಟೇ ಬರ್ತಿಲ್ಲ, ಅಥವಾ ತಾನಾಗೇ ಆಫ್ ಆಗಿ ಆನ್ ಆಗ್ತಿದೆ ಅಂದ್ರೆ ಮೊದಲು ಅಡಾಪ್ಟರ್ ಮೇಲೆ ಅನುಮಾನ ಪಡಿ. ಹೊಸ ರೂಟರ್ ತಗೊಳ್ಳೋಕೆ ಓಡ್ಬೇಡಿ. ಬೇರೆ ಅಡಾಪ್ಟರ್ ಹಾಕೋವಾಗ ವೋಲ್ಟ್ ಅಷ್ಟೇ ಇರ್ಬೇಕು, 12 ಅಂದ್ರೆ 12. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಬೇಡ. ಪ್ಲಸ್ಸು ಮೈನಸ್ಸಿನ ಗುರುತೂ ಒಂದೇ ಇರ್ಬೇಕು.

ಈಗ ಊರಲ್ಲಿ ಒಂದು ಮಿನಿ ಯುಪಿಎಸ್ ಇಟ್ಟಿದ್ದೀನಿ. ಸ್ವಲ್ಪ ಹೊತ್ತಿನ ಪವರ್ ಕಟ್‌ಗೆ ಪರವಾಗಿಲ್ಲ, ಮಲೆನಾಡಿನ ಮಳೆ ರಾತ್ರಿಗೆ ಸಾಲಲ್ಲ. ಆಪರೇಟರ್ ಕಡೆ ಕರೆಂಟ್ ಇಲ್ಲದಿದ್ರೆ ಅದು ಇದ್ದೂ ಪ್ರಯೋಜನ ಇಲ್ಲ. ಅದಕ್ಕಿಂತ ಉಪಯೋಗಕ್ಕೆ ಬಂದಿದ್ದು, ಎಲ್ಲಾ ಸರಿ ಇದ್ದಾಗ ತೆಗೆದಿಟ್ಟ ಲೈಟುಗಳ ಒಂದು ಫೋಟೋ. ಅಮ್ಮ ಈಗ ಅದನ್ನ ನೋಡ್ಕೊಂಡು "ಮೂರನೇದು ಹತ್ತಿಲ್ಲ" ಅಂತ ಕರೆಕ್ಟಾಗಿ ಹೇಳ್ತಾಳೆ.

ತಂಗಿಗೆ ಆ ಕೆಲಸ ಸಿಗ್ಲಿಲ್ಲ. ತಡ ಆಗಿದ್ದಕ್ಕಲ್ಲ, ಎಕ್ಸೆಲ್ ಪ್ರಶ್ನೆಗೆ ತಡವರಿಸಿದೆ ಅಂತ ಅವಳೇ ಹೇಳಿದ್ಲು. ಆದ್ರೂ ನನಗೆ ಅಳುಕು ಇದ್ದೇ ಇದೆ. ರೂಟರ್ ಹಿಂದಿನ ಆ ತೂತಿಗೆ ಅಮ್ಮ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದಾಳೆ.