ತಲೆಗೆ ಪೆಟ್ಟಾದಾಗ

(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಕೈ ಮುರಿದರೆ ಕಟ್ಟು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೆದುಳಿಗಾದ ಗಾಯವು ಹೊರಗೆ ಕಾಣದು. ಆದುದರಿಂದ ನಾವು ಎರಡು ಸಲ ಮೋಸಹೋಗುವ ಸಂಭವವಿದೆ: ಪೆಟ್ಟಾದ ದಿನ ಒಮ್ಮೆ, ರೋಗಿಯು ಮನೆಗೆ ಮರಳಿದ ಮೇಲೆ ಮತ್ತೊಮ್ಮೆ.

ಮರದಿಂದಲೋ ವಾಹನದಿಂದಲೋ ಬಿದ್ದವನು ಎದ್ದು ಕುಳಿತು ಮಾತನಾಡಿದೊಡನೆ ಗಂಡಾಂತರವು ಕಳೆಯಿತೆಂದು ಭಾವಿಸಲಾಗದು. ತಲೆಬುರುಡೆಯೊಳಗೆ ರಕ್ತವು ಸೋರುತ್ತಿದ್ದರೆ, ಕೆಲವು ತಾಸು ಚೆನ್ನಾಗಿಯೇ ಇದ್ದು ಬಳಿಕ ಎಚ್ಚರ ತಪ್ಪುವುದುಂಟು. ಮರಳಿ ಮರಳಿ ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಿದರೂ ಬಿಡದ ಮಂಪರು, ಸೆಳೆತ, ತೊದಲು ಮಾತು, ಒಂದು ಕಣ್ಣಪಾಪೆ ಹಿಗ್ಗಿರುವುದು, ಕಿವಿಮೂಗುಗಳಿಂದ ನೀರು ಅಥವಾ ರಕ್ತ ಇಳಿಯುವುದು: ಇವುಗಳಲ್ಲಿ ಒಂದು ಕಂಡರೂ ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಬೇಕು. ಕುತ್ತಿಗೆಯು ಅಲುಗದಂತೆ ನೋಡಿಕೊಂಡು, ಸಿ.ಟಿ. ಸ್ಕ್ಯಾನ್ ಯಂತ್ರವೂ ನರಶಸ್ತ್ರವೈದ್ಯರೂ ಇರುವ ಆಸ್ಪತ್ರೆಗೆ ಸಾಗಿಸಬೇಕು. ನಮ್ಮ ಕಾಸರಗೋಡಿನ ಬಹುಮಂದಿಗೆ ಅದು ಮಂಗಳೂರೇ ಆಗಿದೆ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿಯ ಬೆಲೆಯು ನಮಗೆಲ್ಲ ಮನವರಿಕೆಯಾಯಿತು. ದಾರಿಯಲ್ಲಿ ಬಿದ್ದವರನ್ನು ಎತ್ತಲು ಯಾರೂ ಹೆದರಬೇಕಿಲ್ಲ. ಸದುದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾನೂನು ರಕ್ಷಣೆಯನ್ನಿತ್ತಿದೆ.

ಇನ್ನು ಎರಡನೆಯದು. ಗಾಯವು ಮಾಸಿದ ಮೇಲೂ ಮರೆವು, ಮುಂಗೋಪ, ಬೇಗನೆ ಆಯಾಸ, ಗದ್ದಲವನ್ನು ತಾಳಲಾರದಿರುವಿಕೆ ತಿಂಗಳುಗಟ್ಟಲೆ ಉಳಿಯಬಹುದು. ಇದನ್ನರಿಯದೆ ನಾವು ಮಗುವನ್ನು ಸೋಮಾರಿಯೆಂದೂ ಹಟಮಾರಿಯೆಂದೂ ಗದರಿಸಿದರೆ, ರೋಗದ ಮೇಲೆ ಅವಮಾನವನ್ನೂ ಹೊರಿಸಿದಂತಾಗುವುದು. ಬಿಡುಗಡೆಯ ಚೀಟಿಯನ್ನೂ ಸ್ಕ್ಯಾನ್ ವರದಿಯನ್ನೂ ಜೋಪಾನವಾಗಿಟ್ಟು, ವೈದ್ಯರು ಹೇಳಿದ ದಿನ ತಪ್ಪದೆ ಮತ್ತೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ರೋಗಿಗಳ ಪುನಶ್ಚೇತನಕ್ಕೆ ವಿಭಾಗವಿದೆ. ಮಾತು ಕುಂದಿದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹಾಸಿಗೆ ಹಿಡಿದವರಿದ್ದರೆ ನಮ್ಮ ಪಂಚಾಯತಿನ ಪಾಲಿಯೇಟಿವ್ ದಾದಿಯರು ಮನೆಗೇ ಬರುತ್ತಾರೆ. ಅವರನ್ನು ವಿಚಾರಿಸಲು ಸಂಕೋಚ ಬೇಡ.

ನಮ್ಮ ನಾಡಿನಲ್ಲಿ ವಿಶೇಷವಾಗಿ ನೆನಪಿಡತಕ್ಕ ಮಾತೊಂದಿದೆ. ರೋಗಿಯು ಮನೆಯಲ್ಲಿ ಆಡುವ ನುಡಿ ಕನ್ನಡವೋ ತುಳುವೋ ಕೊಂಕಣಿಯೋ ಮಲಯಾಳವೋ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಅರಿಯದ ನುಡಿಯಲ್ಲಿ ನೆನಪನ್ನು ಪರೀಕ್ಷಿಸಿದರೆ, ನುಡಿಯ ತೊಡಕೇ ಮೆದುಳಿನ ಕುಂದೆಂದು ತೋರೀತು. ಕಳೆದ ಮಾತನ್ನು ಮರಳಿ ಕಲಿಸುವುದಕ್ಕೂ ಬಳಕೆಯ ನುಡಿಯೇ ಬೇಕು.

ವಿದ್ಯಾರ್ಥಿಗಳೇ, ದ್ವಿಚಕ್ರ ವಾಹನದ ಮೇಲೆ ಹೆಲ್ಮೆಟ್ ಇಲ್ಲದೆ ಕೂರಬೇಡಿರಿ. ಪೆಟ್ಟು ತಿಂದು ಮರಳಿದ ಸಹಪಾಠಿಗೆ ಪಾಠದ ಟಿಪ್ಪಣಿಗಳನ್ನು ಬರೆದುಕೊಡಿರಿ; ವೈದ್ಯರು ಒಪ್ಪುವ ತನಕ ಅವನನ್ನು ಆಟಕ್ಕೆ ಎಳೆಯದಿರಿ. ಅವನು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ, ನಗದೆ ಮೂರು ಸಲವೂ ಉತ್ತರಿಸಿರಿ. ಇಷ್ಟನ್ನು ನಿಮ್ಮೆಲ್ಲರಲ್ಲಿ ಬಿನ್ನವಿಸಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.