ಪಕ್ಕದ ಮರ ಕಡಿದ ಮೇಲೆ ಉಳಿದ ಮರ ಯಾಕೆ ಬೀಳುತ್ತೆ?

ಕೊಡಗಿನ ನೆಲ್ಯಹುದಿಕೇರಿ, ಸಿದ್ದಾಪುರ ಕಡೆ ತೋಟ ಇರೋರಿಗೆ ಇದು ಗೊತ್ತಿರೋ ಕಥೆ. ಬೇಸಿಗೆಯಲ್ಲಿ ವ್ಯಾಪಾರಿ ಬಂದು ತೋಟದ ಒಂದು ಭಾಗದ ಸಿಲ್ವರ್ ಓಕ್ ಕಡಿದುಕೊಂಡು ಹೋಗ್ತಾನೆ. ಜುಲೈ ಗಾಳಿಮಳೆಗೆ ಅದರ ಪಕ್ಕ ಉಳಿದಿದ್ದ ಮರಗಳು ಕಾಳುಮೆಣಸಿನ ಬಳ್ಳಿ ಸಮೇತ ಕಾಫಿ ಗಿಡಗಳ ಮೇಲೆ ಮಲಗ್ತವೆ. ‘ಈ ಸಲ ಗಾಳಿ ಜೋರು’ ಅಂತೀವಿ. ಜೋರೇ ಇರಬಹುದು. ಆದರೆ ಅರ್ಧ ಕೆಲಸ ಬೇಸಿಗೆಯಲ್ಲೇ ಮುಗಿದಿತ್ತು.

ಯಾಕೆ ಅಂದರೆ, ಮರ ತನಗೆ ಸಿಕ್ಕಿದ ಗಾಳಿಗೆ ತಕ್ಕ ಹಾಗೆ ಬೆಳೆಯುತ್ತೆ. ಬಯಲಲ್ಲಿ ಒಂಟಿ ನಿಂತದ್ದು ಸಣ್ಣದರಿಂದಲೇ ಓಲಾಡಿ ಓಲಾಡಿ ಬುಡ ದಪ್ಪ ಮಾಡಿಕೊಳ್ಳುತ್ತೆ, ಬೇರು ಬಲ ಮಾಡಿಕೊಳ್ಳುತ್ತೆ. ಗುಂಪಿನ ನಡುವೆ ಬೆಳೆದದ್ದು ಬೆಳಕಿಗಾಗಿ ಮೇಲಕ್ಕೆ ಓಡಿರುತ್ತೆ, ಕಾಂಡ ಸಪೂರ. ಅದು ನಿಂತಿದ್ದೇ ಅಕ್ಕಪಕ್ಕದ ಮರಗಳ ಮರೆಯಲ್ಲಿ. ಮರೆ ಹೋದ ಮೇಲಿನ ಮೊದಲ ಕೆಲವು ಮಳೆಗಾಲ ದಾಟಿದರೆ ಅದೂ ದಪ್ಪವಾಗುತ್ತೆ, ಹೊಂದಿಕೊಳ್ಳುತ್ತೆ.

ಅರಣ್ಯಶಾಸ್ತ್ರದಲ್ಲಿ ಇದಕ್ಕೊಂದು ಲೆಕ್ಕ ಇದೆ. ಎದೆಮಟ್ಟದಲ್ಲಿ ಟೇಪ್ ಹಿಡಿದು ಸುತ್ತಳತೆ ತಗೊಳ್ಳಿ, 3.14ರಿಂದ ಭಾಗಿಸಿ, ವ್ಯಾಸ ಸಿಕ್ತು. ಮರದ ಎತ್ತರವನ್ನ ಆ ವ್ಯಾಸದಿಂದ ಭಾಗಿಸಿ, ಎರಡೂ ಒಂದೇ ಅಳತೆಯಲ್ಲಿರಲಿ. 25 ಮೀಟರ್ ಎತ್ತರ, 40 ಸೆಂಟಿಮೀಟರ್ ವ್ಯಾಸ ಇದ್ದರೆ 62 ಚಿಲ್ಲರೆ, ಪರವಾಗಿಲ್ಲ. ಅದೇ ಎತ್ತರಕ್ಕೆ ವ್ಯಾಸ 25 ಅಷ್ಟೇ ಇದ್ದರೆ 100. ಅಂಥದ್ದರ ಕೆಳಗೆ ಕೆಲಸಗಾರರ ಲೈನ್‌ಮನೆ ಇರಬಾರದು. ಈ ಲೆಕ್ಕ ಹುಟ್ಟಿದ್ದು ಚಳಿ ದೇಶಗಳ ಪೈನ್, ಸ್ಪ್ರೂಸ್ ತೋಪುಗಳಲ್ಲಿ, ಹಾಗಾಗಿ ನಮ್ಮ ಬೀಟೆ, ಹೊನ್ನೆ, ಅತ್ತಿ ಮರಗಳಿಗೆ ಹಾಗೇ ಅಂಟಿಸಬೇಡಿ. ಒತ್ತಾಗಿ ನೆಟ್ಟ ಸಿಲ್ವರ್ ಓಕ್ ಸಾಲಲ್ಲಿ ಯಾವುದರ ಮೇಲೆ ಕಣ್ಣಿಡಬೇಕು ಅನ್ನೋದಕ್ಕೆ ಸಾಕು.

‘ಮರ ಕಪಾತು ಮಾಡಿಸ್ತೀವಲ್ಲ’ ಅಂತೀರಾ? ಹೇಗೆ ಮಾಡಿಸ್ತೀರಿ ಅನ್ನೋದೇ ಪ್ರಶ್ನೆ. ಕಾಫಿಗೆ ಬೆಳಕು ಬೀಳಲಿ ಅಂತ ಕೆಳಗಿಂದ ಕೊಂಬೆಗಳನ್ನೆಲ್ಲ ಸವರಿ, ನೆತ್ತಿಯಲ್ಲಿ ಮಾತ್ರ ಸೊಪ್ಪು ಬಿಟ್ಟರೆ, ಉದ್ದ ದೋಟಿಯ ತುದಿಗೆ ಬಿಚ್ಚಿದ ಕೊಡೆ ಕಟ್ಟಿ ಗಾಳಿಗೆ ಹಿಡಿದ ಹಾಗೆ. ಸೊಪ್ಪೇನೋ ಕಮ್ಮಿ ಆಯ್ತು, ಆದರೆ ಉಳಿದಷ್ಟೂ ತುದಿಯಲ್ಲೇ ಇದೆ, ಅಲ್ಲಿಂದ ಬುಡವನ್ನ ಮೀಟುತ್ತೆ. ಪಕ್ಕದ ಕೊಂಬೆಗಳು ಒಂದೊಂದೂ ಒಂದೊಂದು ಕಡೆ ತೂಗಿ ಕಾಂಡದ ಓಲಾಟ ತಗ್ಗಿಸ್ತಿದ್ದವು, ಅವೂ ಹೋದವು. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ಹೆಚ್ಚುಕಮ್ಮಿ ನಾಲ್ಕು ಪಟ್ಟು ಅನ್ನೋದನ್ನೂ ನೆನಪಿಡಿ.

ಇನ್ನು ಬೇರು. ತಾಯಿಬೇರೊಂದು ಗಟ್ಟಿ ಇದ್ದರೆ ಸಾಕು ಅನ್ನೋದು ನಮ್ಮಲ್ಲಿ ಗಟ್ಟಿ ನಂಬಿಕೆ. ಆದರೆ ದೊಡ್ಡ ಮರದ ಬೇರು ಬಹುಪಾಲು ಇರೋದು ಮೇಲಿನ ಒಂದು ಮೀಟರ್ ಮಣ್ಣಲ್ಲಿ, ಅಡ್ಡಡ್ಡ ಹರಡಿಕೊಂಡು. ಬ್ರಿಟನ್‌ನಲ್ಲಿ ಸ್ಪ್ರೂಸ್ ಮರಗಳಿಗೆ ವೈರ್ ಕಟ್ಟಿ, ವಿಂಚ್‌ನಿಂದ ಬೀಳೋವರೆಗೂ ಎಳೆದು ನೋಡಿದರು. ಅಲ್ಲಿ ಮರವನ್ನ ಹೆಚ್ಚಾಗಿ ಹಿಡಿದಿಟ್ಟದ್ದು ಎಳೆದ ದಿಕ್ಕಿನ ಹಿಂಬದಿಯ, ಅಂದರೆ ಗಾಳಿ ಬರೋ ದಿಕ್ಕಿನ ಬೇರುಗಳು. ನಮಗೆ ಮುಂಗಾರು ಗಾಳಿ ಬರೋದು ಪಶ್ಚಿಮ, ನೈಋತ್ಯದಿಂದ. ಹಾಗಾಗಿ ಆನೆ ಕಂದಕ ತೆಗೆಯುವಾಗ, ರಸ್ತೆಗೆ ಬರೆ ಕಡಿಯುವಾಗ ಜೆಸಿಬಿ ಮರದ ಯಾವ ಬದಿಯ ಬೇರು ಕತ್ತರಿಸಿತು ಅಂತ ನೋಡಲೇಬೇಕು. ಪೂರ್ವದ್ದು ಹೋದರೂ ನಷ್ಟವೇ, ಪಶ್ಚಿಮದ್ದು ಹೋದರೆ ಮರ ಹೋದ ಹಾಗೆಯೇ.

ಅದರ ಮೇಲೆ ನೀರು. ನೆನೆದ ಮಣ್ಣಿಗೆ ಬೇರಿನ ಮೇಲೆ ಹಿಡಿತ ಇರಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನೆಲ್ಯಹುದಿಕೇರಿಯ ಹೊಳೆದಡದ ಮನೆಗಳೇ ಕುಸಿದವು. ಅಂಥ ಮಣ್ಣಲ್ಲಿ ಮರ ಮುರಿಯಲ್ಲ, ಸಾಧಾರಣ ಗಾಳಿಗೂ ಬೇರು ಸಮೇತ ಕಿತ್ತು ಬರುತ್ತೆ.

ಗಾಳಿ ನಿಂತ ಹೊತ್ತಲ್ಲಿ ಬುಡದ ಪಶ್ಚಿಮ ಬದಿ ನೋಡಿ. ಮಣ್ಣು ಬಿರುಕು ಬಿಟ್ಟು ಎದ್ದಿದ್ದರೆ ಬೇರು ಆಗಲೇ ಸಡಿಲಾಗಿದೆ. ಅಂಥ ಮರಕ್ಕೆ ಯಾರನ್ನೂ ಹತ್ತಿಸಬೇಡಿ. ಕರೆಂಟ್ ಲೈನ್ ಕಡೆ ವಾಲಿದ್ದರೆ ಮೊದಲು ಚೆಸ್ಕಾಂಗೆ ಫೋನ್ ಮಾಡಿ. ಲೈನ್ ಆಫ್ ಆಗಿದೆ ಅಂತ ಅವರು ಹೇಳೋವರೆಗೆ ಹತ್ತಿರ ಹೋಗೋದು ಬೇಡ.