ನಿದ್ದೆಯ ಲೆಕ್ಕದ ಪುಸ್ತಕ

(ಉಳ್ಳಾಲದ ಕಲಿಕಾ ಕೇಂದ್ರವೊಂದರಲ್ಲಿ ಸ್ವಯಂಸೇವಕ ಶಿಕ್ಷಕರು ಆಡಿದ ಮಾತು)



ಇಷ್ಟು ದಿನ ನಾವು ಅಕ್ಷರ ಕಲಿತೆವು. ಬಸ್ಸಿನ ಬೋರ್ಡು ಓದಿದೆವು. ಬೀಡಿಯ ಲೆಕ್ಕದ ಪುಸ್ತಕ ಓದಿದೆವು. ಇವತ್ತು ಇನ್ನೊಂದು ಪುಸ್ತಕದ ವಿಷಯ ಹೇಳ್ತೇವೆ. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಬರೆದವರು ನಮ್ಮ ಅತ್ತಿಗೆ. ಅವರೂ ನಿಮ್ಮ ಹಾಗೆ ದೊಡ್ಡವರಾದ ಮೇಲೆ ಅಕ್ಷರ ಕಲಿತವರು.

ಇದು ನಮ್ಮ ಮನೆಯ ಕತೆ. ಅಣ್ಣನನ್ನು ಕೇಳಿಯೇ ಹೇಳುತ್ತಿದ್ದೇವೆ. "ಹೇಳು, ಯಾರಿಗಾದರೂ ಉಪಕಾರ ಆಗಲಿ" ಎಂದಿದ್ದಾನೆ.

ಅಣ್ಣ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಒಂದು ವರ್ಷ ಅವನು ಬೇರೆಯೇ ಆದ. ರಾತ್ರಿ ಎರಡು ಗಂಟೆಗೆ ಎದ್ದು ಅಂಗಳ ಗುಡಿಸುತ್ತಿದ್ದ. ಮಾತಿಗೆ ಕೊನೆಯೇ ಇಲ್ಲ. "ನಾಲ್ಕು ಬೋಟು ತೆಗೆದುಕೊಳ್ತೇನೆ" ಎಂದ. ಅತ್ತಿಗೆಯ ಬಳೆ ಅಡವಿಟ್ಟು ಯಾರಿಗೋ ಮುಂಗಡ ಕೊಟ್ಟು ಬಂದ. ಕೆಲವು ವಾರ ಕಳೆಯಿತು. ಈಗ ಚಾಪೆಯಿಂದ ಏಳಲಿಕ್ಕೇ ಇಲ್ಲ. ಊಟ ಬೇಡ, ಮಾತು ಬೇಡ. "ನಾನು ಇದ್ದು ಎಂತ ಪ್ರಯೋಜನ?" ಎಂದ. ಆಗ ನಮಗೆ ಹೆದರಿಕೆಯಾಯಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಡಾಕ್ಟರು ಎಲ್ಲ ಕೇಳಿ ಕಾಯಿಲೆಯ ಹೆಸರು ಹೇಳಿದರು. ಬೈಪೋಲಾರ್ ಕಾಯಿಲೆ. ಮನಸ್ಸು ಕೆಲವು ಸಮಯ ಅತಿಯಾಗಿ ಏರುತ್ತದೆ, ಕೆಲವು ಸಮಯ ಅತಿಯಾಗಿ ಇಳಿಯುತ್ತದೆ. ನಡುವೆ ಸರಿಯಾಗಿಯೂ ಇರುತ್ತದೆ. ಇದು ಸೋಮಾರಿತನ ಅಲ್ಲ, ಸೊಕ್ಕೂ ಅಲ್ಲ. ಯಾರೋ ಮಾಡಿಸಿದ್ದೂ ಅಲ್ಲ.

ಇದು ನಮ್ಮ ಮನೆಗೆ ಮಾತ್ರ ಬಂದದ್ದಲ್ಲ. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿತು. ದೊಡ್ಡವರಲ್ಲಿ ಸುಮಾರು 200 ಮಂದಿಗೆ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಈ ಕಾಯಿಲೆ ಬಂದಿತ್ತು. ಕಾಯಿಲೆ ಇದ್ದ 10 ಮಂದಿಯಲ್ಲಿ ಸುಮಾರು 7 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಯಾಕೆ? ಒಂದು ಕಾರಣ, ನಾಚಿಕೆ.

ನಾವೂ ನಾಚಿದೆವು. ಶಾಲೆಯಲ್ಲಿ ಕಲಿಸುವವರ ಮನೆ ಅಲ್ವಾ? ನೆರೆಮನೆಯವರು ಕೇಳಿದರೆ "ಅಣ್ಣನಿಗೆ ಕಾಮಾಲೆ" ಎಂದು ಸುಳ್ಳು ಹೇಳಿದೆವು. ಅದು ನಮ್ಮ ಮೊದಲ ತಪ್ಪು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಆರು ತಿಂಗಳಲ್ಲಿ ಅಣ್ಣ ಚೆನ್ನಾಗಿ ಆದ. "ಇನ್ನು ಮಾತ್ರೆ ಎಂತಕ್ಕೆ?" ಎಂದು ಬಿಟ್ಟ. ನಾವೂ ಸುಮ್ಮನಿದ್ದೆವು. ಕಾಯಿಲೆ ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಆಸ್ಪತ್ರೆಯಲ್ಲಿ ಸೇರಿಸಬೇಕಾಯಿತು.

ಉಳ್ಳಾಲದವರಿಗೆ ಕಡಲ್ಕೊರೆತ ಗೊತ್ತುಂಟು. ದಡಕ್ಕೆ ಕಲ್ಲು ಹಾಕುತ್ತಾರೆ. ಮಳೆಗಾಲ ಮುಗಿಯಿತು, ಕಡಲು ಶಾಂತವಾಯಿತು ಎಂದು ಆ ಕಲ್ಲನ್ನು ತೆಗೆದು ಬಿಡುತ್ತೇವೆಯೇ? ಇಲ್ಲ. ಮಾತ್ರೆಯೂ ಹಾಗೆಯೇ. ಚೆನ್ನಾಗಿ ಇರುವುದು ಮಾತ್ರೆ ಇರುವುದರಿಂದ. ಕಡಿಮೆ ಮಾಡುವುದಿದ್ದರೆ ಡಾಕ್ಟರೇ ಹೇಳಬೇಕು.

ಅಣ್ಣನಿಗೆ ಕೊಟ್ಟದ್ದು ಲಿಥಿಯಂ ಮಾತ್ರೆ. ಅದು ಈ ಕಾಯಿಲೆಗೆ ಆಗುತ್ತದೆ ಎಂದು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರು ತಿಳಿಸಿದರು. ಎಲ್ಲರಿಗೂ ಇದೇ ಮಾತ್ರೆ ಅಲ್ಲ, ಬೇರೆ ಮಾತ್ರೆಗಳೂ ಉಂಟು. ಲಿಥಿಯಂ ರಕ್ತದಲ್ಲಿ ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ಹೆಚ್ಚಾದರೆ ವಿಷ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ನಮ್ಮದು ಬೆವರು ಸುರಿಯುವ ಊರು. ನೀರು ಸರಿಯಾಗಿ ಕುಡಿಯಬೇಕು. ಊಟದ ಉಪ್ಪನ್ನು ಒಮ್ಮೆಲೇ ಬಿಡಬಾರದು. ಮೈಕೈ ನೋವಿನ ಮಾತ್ರೆಯನ್ನು ಕೇಳದೆ ನುಂಗಬಾರದು. ರಂಜಾನಿನ ಉಪವಾಸವಿರಲಿ, ಏಕಾದಶಿ ಇರಲಿ, ಮೊದಲೇ ಡಾಕ್ಟರನ್ನು ಕೇಳಬೇಕು. ವಾಂತಿ ಭೇದಿ ಆದರೆ, ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಗು ಬೇಕೆನ್ನುವ ಹೆಂಗಸರು ಮಾತ್ರೆಯ ವಿಷಯ ಮುಂಚಿತವಾಗಿ ಡಾಕ್ಟರಲ್ಲಿ ಮಾತಾಡಬೇಕು.

ಇನ್ನು ಪುಸ್ತಕದ ವಿಷಯ. ಆಸ್ಪತ್ರೆಯಿಂದ ಬಂದ ಮೇಲೆ ಅತ್ತಿಗೆ ಒಂದು ನೋಟ್ ಪುಸ್ತಕ ತಂದರು. "ಬೀಡಿಗೆ ಲೆಕ್ಕ ಇಡುತ್ತೇವೆ, ನಿದ್ದೆಗೆ ಯಾಕೆ ಬೇಡ?" ಎಂದರು. ದಿನಕ್ಕೆ ಒಂದೇ ಸಾಲು. ಎಷ್ಟು ಗಂಟೆ ನಿದ್ದೆ, ಮಾತ್ರೆ ತೆಗೆದುಕೊಂಡದ್ದು ಹೌದೋ ಅಲ್ಲವೋ, ಮನಸ್ಸು ಹೇಗೆ. ಮನಸ್ಸು ಹೇಗೆ ಎಂದು ಅಣ್ಣನೇ ಹೇಳಬೇಕು, ಅತ್ತಿಗೆ ಬರೆಯಬೇಕು.

ಒಂದು ಆಟಿ ತಿಂಗಳಲ್ಲಿ ಸಾಲುಗಳು ಹೀಗೆ ಬಂದವು: 7 ಗಂಟೆ, 4 ಗಂಟೆ, 3 ಗಂಟೆ. ಅಣ್ಣ ನಗುನಗುತ್ತಾ ಇದ್ದ. ನಮಗೆ ಏನೂ ಗೊತ್ತಾಗಲಿಲ್ಲ. ಅತ್ತಿಗೆಗೆ ಗೊತ್ತಾಯಿತು. ಪುಸ್ತಕವನ್ನು ಅಣ್ಣನಿಗೇ ತೋರಿಸಿದರು. ಇಬ್ಬರೂ ಅದನ್ನು ಹಿಡಿದುಕೊಂಡು ಡಾಕ್ಟರಲ್ಲಿಗೆ ಹೋದರು. ಅತ್ತಿಗೆ ಒತ್ತಕ್ಷರ ಬಿಟ್ಟು "ನಿದೆ" ಎಂದು ಬರೆದಿದ್ದರು. ಡಾಕ್ಟರಿಗೆ ಅರ್ಥವಾಯಿತು. ಔಷಧ ಬದಲಿಸಿದರು. ಆ ಸಲ ಆಸ್ಪತ್ರೆಯಲ್ಲಿ ಸೇರಿಸಲಿಕ್ಕೆ ಬರಲಿಲ್ಲ. ಬಳೆಯೂ ಉಳಿಯಿತು.

ಬದುಕು ಮೊದಲಿನ ಹಾಗೆಯೇ ಆಯಿತೇ? ಇಲ್ಲ, ಸುಳ್ಳು ಹೇಳುವುದಿಲ್ಲ. ನಿದ್ದೆ ಕೆಟ್ಟರೆ ಕಾಯಿಲೆ ಮರಳಬಹುದು. ಆದ್ದರಿಂದ ಅಣ್ಣ ರಾತ್ರಿಯ ಬೋಟು ಬಿಟ್ಟ. ಈಗ ಹಗಲಿನಲ್ಲಿ ಬಲೆ ಸರಿಮಾಡುತ್ತಾನೆ. ಸಂಬಳ ಕಡಿಮೆ. "ಕಡಲು ನೋಡಿಕೊಂಡು ದಡದಲ್ಲಿ ಕೂರುವುದು ಕಷ್ಟ ಮಾರಾಯ" ಎನ್ನುತ್ತಾನೆ. ಯಕ್ಷಗಾನಕ್ಕೆ ಹೋಗುತ್ತಾನೆ, ಬೆಳಗಿನವರೆಗೆ ಕೂರುವುದಿಲ್ಲ. ದೊಡ್ಡ ಖರ್ಚಿಗೆ ಇಬ್ಬರೂ ಒಪ್ಪಬೇಕು ಎಂಬ ನಿಯಮ ಮಾಡಿದ್ದೂ ಅವನೇ, ಚೆನ್ನಾಗಿ ಇದ್ದಾಗ.

ನಾವೂ ಒಂದು ಪಾಠ ಕಲಿತೆವು. ಅಣ್ಣ ಜೋರಾಗಿ ನಕ್ಕರೆ ಸಾಕು, ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಒಂದು ದಿನ ಅವನು ಕೇಳಿದ, "ನನಗೆ ನಗಲಿಕ್ಕೂ ಇಲ್ವಾ?" ಆ ಮಾತು ನಮಗೆ ಚುಚ್ಚಿತು. ಎಲ್ಲ ನಗುವೂ ಕಾಯಿಲೆಯಲ್ಲ, ಎಲ್ಲ ಸಿಟ್ಟೂ ಕಾಯಿಲೆಯಲ್ಲ. ಅನುಮಾನ ಬಂದರೆ ಮುಖ ನೋಡಬೇಡಿ, ಪುಸ್ತಕ ನೋಡಿ.

ದೈವಕ್ಕೆ ಹರಕೆ ಹೇಳುತ್ತೀರಾ? ದರ್ಗಾಕ್ಕೆ ಹೇಳುತ್ತೀರಾ? ಬೇಡ ಎನ್ನುವುದಿಲ್ಲ. ಮಾತ್ರೆ ಮಾತ್ರ ಬಿಡಬೇಡಿ. ಯಾರನ್ನೂ ಸರಪಳಿಯಲ್ಲಿ ಕಟ್ಟಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ನಿಷೇಧಿಸಿದೆ. ಸರಕಾರಿ ಚಿಕಿತ್ಸೆ ಪಡೆಯುವುದು ಹಕ್ಕು ಎಂದೂ ಅದು ಹೇಳುತ್ತದೆ. ಮಂಗಳೂರಿನ ವೆನ್ಲಾಕ್ ಜಿಲ್ಲಾಸ್ಪತ್ರೆಯಲ್ಲಿ ಮನೋರೋಗದ ಡಾಕ್ಟರು ಇದ್ದಾರೆ. ಸಾಯುವ ಮಾತು ಬಂದರೆ ಆ ಮನುಷ್ಯನನ್ನು ಒಬ್ಬನೇ ಬಿಡಬೇಡಿ. 14416ಕ್ಕೆ ಫೋನು ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್. ದುಡ್ಡು ಬೇಡ, ಹಗಲು ರಾತ್ರಿ ಉಂಟು, ಕನ್ನಡದಲ್ಲಿ ಮಾತಾಡಬಹುದು.

ಈಗ ನಿಮ್ಮ ನೋಟ್ ಪುಸ್ತಕ ತೆಗೆಯಿರಿ. ಬರೆಯಿರಿ: 1, 4, 4, 1, 6. ಇನ್ನೊಂದು ಸಾಲಿನಲ್ಲಿ "ನಿದ್ದೆ" ಎಂದು ಬರೆಯಿರಿ. ಒತ್ತಕ್ಷರ ತಪ್ಪಿದರೂ ಚಿಂತೆಯಿಲ್ಲ. ಬರೆದದ್ದು ಒಂದು ಮನೆಯನ್ನು ಉಳಿಸಬಹುದು. ನಮ್ಮ ಮನೆಯನ್ನು ಉಳಿಸಿದೆ.